ಬೆಳಗ್ಗೆ ಸರಿ, ಸಂಜೆ ತಪ್ಪು: ಎಂಟು ಅಡಿ ಡಿಶ್‌ನ ಗುರಿ ಸರಿಮಾಡಿದ್ದು

ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಎಂಟೂವರೆಗೆ, ಆಕಾಶದ ರೇಡಿಯೋ ಅಲೆ ಕೇಳಲು ನಾನು ಕಟ್ಟಿಕೊಂಡ ಡಿಶ್ ಸೂರ್ಯನನ್ನು ಸರಿಯಾಗಿ ಹಿಡಿದಿತ್ತು. ಲೆಕ್ಕದ ಎತ್ತರಕ್ಕೂ ಡಿಶ್ ತೋರಿಸುವ ಎತ್ತರಕ್ಕೂ ಇದ್ದ ವ್ಯತ್ಯಾಸವನ್ನು ಒಂದು ಆಫ್‌ಸೆಟ್ ಅಂತ ಪ್ರೋಗ್ರಾಮಿಗೆ ತುಂಬಿ, ಕೆಲಸ ಮುಗೀತು ಎಂದುಕೊಂಡು ತಿಂಡಿಗೆ ಕೆಳಗಿಳಿದೆ. ಸಂಜೆ ನಾಲ್ಕೂವರೆಗೆ ಮತ್ತೆ ಹತ್ತಿ ನೋಡಿದರೆ ಅದೇ ಡಿಶ್, ಅದೇ ಆಫ್‌ಸೆಟ್, ಆದರೆ ಸೂರ್ಯನಿಗಿಂತ ಹತ್ತಿರ ಹತ್ತಿರ ಎರಡು ಡಿಗ್ರಿ ಕೆಳಗೆ ನೋಡುತ್ತಾ ನಿಂತಿದೆ. ಆ ಎರಡು ಡಿಗ್ರಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವನಿಗೆ ಐದು ತಿಂಗಳು ಹಿಡಿಯಿತು. ಒಂದೇ ತಪ್ಪು ಎಂದುಕೊಂಡಿದ್ದೆ. ಆರು ಇದ್ದವು.

ಮೊದಲು ಸಾಮಾನು ಏನೇನು ಅಂತ ಹೇಳಿಬಿಡುತ್ತೇನೆ. ಡಿಶ್ ಹಳೇ ಕೇಬಲ್ ಟೀವಿಯವರದ್ದು, ಎಂಟು ಅಡಿ, ಅಂದರೆ 2.4 ಮೀಟರ್, ಜಾಲರಿಯದ್ದು. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಕ್ಕಿತು. ಮೈಸೂರಿನ ನಮ್ಮ ಮನೆಯ ಟೆರೇಸ್ ಮೇಲೆ ನಾಲ್ಕು ಇಂಚಿನ ಜಿಐ ಪೈಪು ನಿಲ್ಲಿಸಿ ಅದರ ಮೇಲೆ ಕೂರಿಸಿದ್ದೇನೆ. ಪಕ್ಕಕ್ಕೆ ತಿರುಗಿಸಲು ಲಾರಿಯ ವೈಪರ್ ಮೋಟರ್, ಮೇಲೆ ಕೆಳಗೆ ಮಾಡಲು ಡಿಶ್ ಜೊತೆ ಬಂದ ಆಕ್ಚುಯೇಟರ್, ಅಂದರೆ ಉದ್ದ ಗಿಡ್ಡ ಆಗುವ ಮೋಟರ್ ದಂಡ. ಎರಡೂ ಕಡೆ ಒಂದೊಂದು ಎಎಸ್5600 ಮ್ಯಾಗ್ನೆಟಿಕ್ ಎನ್‌ಕೋಡರ್, ಅಂದರೆ ಆಯಸ್ಕಾಂತ ಎಷ್ಟು ತಿರುಗಿತು ಎಂದು ನೋಡಿ ಕೋನ ಹೇಳುವ ಚಿಪ್. ಒಂದು ಸುತ್ತಿಗೆ 4096 ಹೆಜ್ಜೆ, ಅಂದರೆ ಹೆಜ್ಜೆಗೆ 0.09 ಡಿಗ್ರಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದು, ಅದಕ್ಕೆ ಚುಚ್ಚುವ ರೇಡಿಯೋ ರಿಸೀವರ್, ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್, ಒಂದು. ಅಷ್ಟೇ.

ನನಗೆ ಬೇಕಿದ್ದದ್ದು 1420.4 ಮೆಗಾಹರ್ಟ್ಸ್‌ನಲ್ಲಿ ಬರುವ ಹೈಡ್ರೋಜನ್ ರೇಖೆ, ಅಂದರೆ ಆಕಾಶದ ಹೈಡ್ರೋಜನ್ ಅನಿಲ ಸೂಸುವ 21 ಸೆಂ.ಮೀ. ರೇಡಿಯೋ ಅಲೆ. ಬೀಮ್, ಅಂದರೆ ಡಿಶ್ ಒಂದು ಸಲಕ್ಕೆ ನೋಡುವ ಆಕಾಶದ ತುಂಡು, ಎಷ್ಟು ಅಗಲ ಅಂತ ತಿಳಿಯಲು ಅಲೆಯ ಉದ್ದವನ್ನು ಡಿಶ್‌ನ ಅಗಲದಿಂದ ಭಾಗಿಸಿ 70ರಿಂದ ಗುಣಿಸಿದರೆ ಸಾಕು. ಇಲ್ಲಿ ಆರು ಡಿಗ್ರಿ ಬರುತ್ತದೆ. ಆರು ಡಿಗ್ರಿಯ ಬೀಮಿಗೆ ಎರಡು ಡಿಗ್ರಿ ತಪ್ಪಾದರೆ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅಷ್ಟಕ್ಕೇ ಸಿಗ್ನಲ್‌ನ ಕಾಲು ಭಾಗ ಹೋಗುತ್ತದೆ. ಅದೂ ಬೆಳಗ್ಗೆ ಹೋಗದೆ ಸಂಜೆ ಹೋದರೆ, ಆಕಾಶದ ಒಂದೇ ಜಾಗ ಎರಡು ಹೊತ್ತಿನಲ್ಲಿ ಎರಡು ಬೇರೆ ಜಾಗದಂತೆ ಕಾಣುತ್ತದೆ.

ಆರು ಡಿಗ್ರಿ ಬೀಮ್ ಇಟ್ಟುಕೊಂಡು ಅರ್ಧ ಡಿಗ್ರಿಯ ತಪ್ಪು ಹುಡುಕುವುದು ಕಷ್ಟ. ಅದಕ್ಕೆ ಡಿಶ್ ಜೊತೆ ಬಂದಿದ್ದ ಹಳೇ ಸಿ-ಬ್ಯಾಂಡ್ ಎಲ್‌ಎನ್‌ಬಿಯನ್ನೇ, ಅಂದರೆ ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಡಬ್ಬಿಯನ್ನೇ, ಮತ್ತೆ ಹಾಕಿದೆ. ಅದು 4 ಗಿಗಾಹರ್ಟ್ಸ್ ಆಸುಪಾಸು ಕೇಳುತ್ತದೆ, ಅಲ್ಲಿ ಅಲೆ ಏಳೂವರೆ ಸೆಂ.ಮೀ., ಬೀಮ್ ಎರಡೂಕಾಲು ಡಿಗ್ರಿ. ಸೂರ್ಯ ಸಿಕ್ಕಿದಾಗ ಶಬ್ದದ ಮಟ್ಟ ಎಂಟು ಡಿಬಿ, ಅಂದರೆ ಸುಮಾರು ಆರು ಪಟ್ಟು, ಏರುತ್ತದೆ, ಕಣ್ಣಿಗೆ ಹೊಡೆಯುವಷ್ಟು. ಗುರಿ ಪರೀಕ್ಷೆಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಅಳೆಯುವ ರೀತಿ ಸರಳ. ಸೂರ್ಯನ ಮೇಲೆ ಡಿಶ್ ಇಟ್ಟು, ಎಡದಿಂದ ಬಲಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ದಾಟಿಸುವುದು. ಸಿಗ್ನಲ್ ಎಲ್ಲಿ ಜಾಸ್ತಿ ಅಂತ ಮಾತ್ರ ನೋಡಬೇಡಿ. ಬೀಮ್‌ನ ನೆತ್ತಿ ಚಪ್ಪಟೆ, ಅಲ್ಲಿ ಅರ್ಧ ಡಿಗ್ರಿ ಸರಿದರೂ ಗೊತ್ತೇ ಆಗುವುದಿಲ್ಲ. ಎರಡೂ ಬದಿಯಲ್ಲಿ ಶಕ್ತಿ ಅರ್ಧಕ್ಕೆ ಇಳಿಯುವ ಜಾಗ ಹಿಡಿದು ಅವುಗಳ ನಡು ತೆಗೆಯಬೇಕು. ಅಲ್ಲಿ ಇಳಿಜಾರು ಕಡಿದಾಗಿರುತ್ತದೆ, ನಡು ಚೂಪಾಗಿ ಸಿಗುತ್ತದೆ. ಇದೆಲ್ಲ ಮಾಡುವಾಗ ಸೂರ್ಯ ಸುಮ್ನೆ ನಿಂತಿರುವುದಿಲ್ಲ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತಾನೆ. ಹಾಗಾಗಿ ಪ್ರತಿ ಅಳತೆಯಲ್ಲೂ ಆ ಕ್ಷಣದ ಸೂರ್ಯನ ಜಾಗ ಕಳೆದು ವ್ಯತ್ಯಾಸವನ್ನು ಮಾತ್ರ ಬರೆದಿಟ್ಟುಕೊಂಡೆ.

ಮೊದಲ ದಿನವೇ ಬೆಪ್ಪನಾದೆ. ಮಧ್ಯಾಹ್ನ ಸೂರ್ಯ 66 ಡಿಗ್ರಿ ಎತ್ತರದಲ್ಲಿದ್ದಾಗ ಅಡ್ಡಕ್ಕೆ ದಾಟಿಸಿದರೆ ಬೀಮ್ ಐದೂವರೆ ಡಿಗ್ರಿ ಅಗಲ ಬಂತು. ಎರಡೂಕಾಲು ಎಲ್ಲಿ, ಐದೂವರೆ ಎಲ್ಲಿ! ಎಲ್‌ಎನ್‌ಬಿ ಕೆಟ್ಟಿದೆ ಎಂದುಕೊಂಡು ಬಿಚ್ಚಿದೆ, ಕನೆಕ್ಟರ್ ಉಜ್ಜಿದೆ, ಫೀಡನ್ನು, ಅಂದರೆ ಡಿಶ್ ಮುಂದೆ ಕಾಲುಗಳ ಮೇಲೆ ಕೂತು ಅಲೆ ಹಿಡಿಯುವ ಭಾಗವನ್ನು, ಹಿಂದೆ ಮುಂದೆ ಸರಿಸಿದೆ. ಕೆಟ್ಟಿದ್ದು ನನ್ನ ಲೆಕ್ಕ. ಎತ್ತರ ಹೋದಂತೆ ಪೈಪಿನ ಒಂದು ಡಿಗ್ರಿ ತಿರುಗು ಆಕಾಶದಲ್ಲಿ ಒಂದು ಡಿಗ್ರಿ ಆಗಿರುವುದಿಲ್ಲ, ಎತ್ತರದ ಕೊಸೈನ್‌ನಿಂದ ಗುಣಿಸಬೇಕು. 66 ಡಿಗ್ರಿಗೆ ಅದು 0.41. ಐದೂವರೆಯನ್ನು ಅದರಿಂದ ಗುಣಿಸಿ ನೋಡಿ, ಎರಡೂಕಾಲು. ಅರ್ಧ ದಿನ ಹೋಯಿತು.

ಇದಾದ ಮೇಲೆ ಗಡಿಯಾರ. ಇದು ತಪ್ಪು ನಂಬರ್ ಒಂದು. ನನ್ನ ಪೈ ಹಳೇ ಮಾದರಿ, ಒಳಗೆ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ, ಇಂಟರ್‌ನೆಟ್ ಸಿಗುವವರೆಗೆ, ಹೋದಾಗಿನ ಸಮಯವನ್ನೇ ಹಿಡಿದುಕೊಂಡು ಓಡುತ್ತದೆ. ಎಂಟು ನಿಮಿಷ ಕರೆಂಟ್ ಇಲ್ಲದಿದ್ದರೆ ಎರಡು ಡಿಗ್ರಿ ತಪ್ಪು. ನೂರಿನ್ನೂರು ರೂಪಾಯಿಯ ಆರ್‌ಟಿಸಿ ಬೋರ್ಡು, ಅಂದರೆ ಬ್ಯಾಟರಿ ಗಡಿಯಾರ, ಹಾಕಿದ ಮೇಲೆ ಆ ಕಾಟ ತಪ್ಪಿತು. ಒಂದು ಮಾತು: ನಡುಹಗಲಿನ ಅಂದಾಜನ್ನು ಹನ್ನೆರಡು ಗಂಟೆಗೆ ಇಟ್ಟುಕೊಳ್ಳಬೇಡಿ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಮೈಸೂರು ಇರುವುದು 76.6ರಲ್ಲಿ. ಇಲ್ಲಿ ಸೂರ್ಯ ಸರಾಸರಿ 12 ಗಂಟೆ 23 ನಿಮಿಷಕ್ಕೆ ನಡುಗೆರೆ ದಾಟುತ್ತಾನೆ, ಫೆಬ್ರವರಿಯಲ್ಲಂತೂ 12 ಗಂಟೆ 37ಕ್ಕೆ.

ಎರಡನೇ ತಪ್ಪು ಸಿಕ್ಕಿದ್ದು ಟೈಲರ್ ಟೇಪಿನಿಂದ. ನಾಲ್ಕು ಇಂಚಿನ ಜಿಐ ಪೈಪಿನ ಹೊರ ವ್ಯಾಸ 114.3 ಮಿ.ಮೀ. ಸುತ್ತಳತೆ ಲೆಕ್ಕ ಹಾಕಿ, 359 ಮಿ.ಮೀ. ಬರುತ್ತದೆ. ಅಂದರೆ ಪೈಪಿಗೆ ಟೇಪು ಸುತ್ತಿದರೆ ಒಂದು ಮಿಲಿಮೀಟರ್‌ಗೆ ಒಂದು ಡಿಗ್ರಿ! ಇಷ್ಟು ಚೆಂದದ ಡಿಗ್ರಿ ಪಟ್ಟಿ ಪುಕ್ಕಟೆ ಸಿಕ್ಕಿದ್ದು ಗೊತ್ತಾದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾರಿಗೂ ಅಷ್ಟೇನೂ ಅನ್ನಿಸಲಿಲ್ಲ. ಟೇಪು ಸುತ್ತಿ, ತಿರುಗುವ ಭಾಗಕ್ಕೆ ಒಂದು ತಂತಿಯ ಮುಳ್ಳು ಕಟ್ಟಿ, ಹದಿನೈದು ಹದಿನೈದು ಡಿಗ್ರಿಗೆ ನಿಲ್ಲಿಸಿ ಎನ್‌ಕೋಡರ್ ಹೇಳುವುದನ್ನು ಪಕ್ಕದಲ್ಲಿ ಬರೆದೆ. ವ್ಯತ್ಯಾಸ ಒಂದು ಕಡೆ ಎರಡು ಡಿಗ್ರಿ ಜಾಸ್ತಿ, ಎದುರು ಕಡೆ ಎರಡು ಡಿಗ್ರಿ ಕಮ್ಮಿ, ನಡುವೆ ನುಣುಪಾಗಿ ಏರಿಳಿತ. ಒಂದು ಸುತ್ತಿಗೆ ಒಂದು ಅಲೆ ಬಂದರೆ ಅದು ಆಯಸ್ಕಾಂತ ನಡುವಿನಿಂದ ಸರಿದಿರುವ ಲಕ್ಷಣ. ಬಿಚ್ಚಿ ನೋಡಿದರೆ ನಾನೇ ಅಂಟಿಸಿದ ಗುಂಡಿ ಆಯಸ್ಕಾಂತ ಕಣ್ಣಿಗೆ ಕಾಣುವಷ್ಟು ಪಕ್ಕಕ್ಕಿದೆ. ಗಮ್ ಒಣಗುವ ಮುಂಚೆ ಜಾರಿತ್ತು. ಕಿತ್ತು ಮತ್ತೆ ಕೂರಿಸಿದೆ, ಈ ಸಲ ವಾಷರ್ ಒಳಗಿಟ್ಟು. ಏರಿಳಿತ ಕಾಲು ಡಿಗ್ರಿಗೆ ಇಳಿಯಿತು.

ಆದರೆ ಬೆಳಗ್ಗೆ-ಸಂಜೆಯ ಜಗಳ ಇದರಿಂದ ಹೋಗಲಿಲ್ಲ. ಅದು ಎತ್ತರದ ತಪ್ಪು, ಇದು ದಿಕ್ಕಿನದ್ದು. ಈ ಸಲ ಆಫ್‌ಸೆಟ್ ಎಲ್ಲ ತೆಗೆದು, ಬರಿ ವ್ಯತ್ಯಾಸವನ್ನು ದಿಕ್ಕಿನ ಎದುರು ಕಾಗದದ ಮೇಲೆ ಗುರುತು ಹಾಕಿದೆ. ಪೂರ್ವಕ್ಕೆ ನೋಡುವಾಗ ಡಿಶ್ 0.9 ಡಿಗ್ರಿ ಮೇಲೆ, ಪಶ್ಚಿಮಕ್ಕೆ ನೋಡುವಾಗ 0.9 ಡಿಗ್ರಿ ಕೆಳಗೆ, ದಕ್ಷಿಣಕ್ಕೆ ಸುಮಾರು ಸೊನ್ನೆ. ಇದಕ್ಕಿಂತ ಸ್ಪಷ್ಟವಾಗಿ ಕಂಬ ಮಾತಾಡಲಾರದು: ಅದು ಪಶ್ಚಿಮಕ್ಕೆ ವಾಲಿದೆ. ನಾನೋ ಒಂದು ತಿಂಗಳು ಒಂದೇ ಸಂಖ್ಯೆಯಿಂದ ಅದನ್ನು ಮುಚ್ಚಿಹಾಕಲು ನೋಡಿದ್ದೆ.

ಕಂಬ ನಿಲ್ಲಿಸಿಕೊಟ್ಟ ಮೇಸ್ತ್ರಿಗೆ ಫೋನ್ ಮಾಡಿದೆ. ಬಂದು ಮೂಲೆಮಟ್ಟ ಇಟ್ಟು ನೋಡಿ, “ಕಂಬ ನೆಲಕ್ಕೆ ನೆಟ್ಟಗೇ ಇದೆಯಲ್ಲ ಸಾರ್” ಅಂದರು. ನಿಜ, ನೆಲಕ್ಕೆ ನೆಟ್ಟಗಿತ್ತು. ನಾನು ರಸಮಟ್ಟವನ್ನು ನೆಲದ ಮೇಲೇ ಇಟ್ಟೆ. ಗುಳ್ಳೆ ಒಂದು ಬದಿಗೆ ಓಡಿತು. ಅವರು ನಕ್ಕುಬಿಟ್ಟರು. “ಟೆರೇಸಿಗೆ ವಾಟ ಕೊಟ್ಟಿರ್ತಾರಲ್ಲ ಸಾರ್, ಮಳೆ ನೀರು ಹೋಗ್ಬೇಡ್ವಾ?” ನೀರಿನ ಪೈಪು ಪಶ್ಚಿಮದ ಮೂಲೆಯಲ್ಲಿದೆ. ಮೀಟರ್‌ಗೆ ಒಂದೂವರೆ ಸೆಂ.ಮೀ. ಇಳಿಜಾರು, ಅಂದರೆ 0.86 ಡಿಗ್ರಿ. ಸೂರ್ಯ ಹೇಳಿದ್ದು 0.9.

ಊಟಿಯಲ್ಲಿ 1970ರಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಅದನ್ನು ಬೆಟ್ಟದ ಇಳಿಜಾರಿನ ಮೇಲೇ ಮಲಗಿಸಿದ್ದಾರೆ, ಇಳಿಜಾರು ಅಲ್ಲಿನ ಅಕ್ಷಾಂಶಕ್ಕೆ, 11 ಡಿಗ್ರಿಗೆ, ಹೊಂದುವಂತೆ. ಹಾಗಾಗಿ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮವಾಗಿದೆ, ಒಂದೇ ಅಚ್ಚಿನ ಮೇಲೆ ಹೊರಳಿಸಿದರೆ ಆಕಾಶದ ಹಿಂದೆ ಹೋಗುತ್ತದೆ. ಅವರು ಇಳಿಜಾರನ್ನು ದುಡಿಸಿಕೊಂಡರು. ನನಗೆ ನಮ್ಮ ಟೆರೇಸಿನ ಇಳಿಜಾರು ಇದೆ ಅನ್ನುವುದೇ ಗೊತ್ತಿರಲಿಲ್ಲ.

ವಾಲನ್ನು ಪ್ರೋಗ್ರಾಮಿನಲ್ಲೇ ಸರಿಮಾಡಬಹುದಿತ್ತು. ಮಾಡಲಿಲ್ಲ. ಕಾರಣ, ನಮ್ಮೂರಲ್ಲಿ ಸೂರ್ಯ ನೆತ್ತಿಗೆ ತೀರಾ ಹತ್ತಿರ ಹೋಗುತ್ತಾನೆ, ಏಪ್ರಿಲ್ 22ರ ಆಸುಪಾಸಿಗೆ ನೆರಳೇ ಬೀಳದ ಹಾಗೆ. ಕಂಬದ ವಾಲಿನಿಂದ ದಿಕ್ಕಿನಲ್ಲಿ ಆಗುವ ತಪ್ಪು ಎತ್ತರದ ಟ್ಯಾಂಜೆಂಟ್ ಪ್ರಕಾರ ಬೆಳೆಯುತ್ತದೆ. 80 ಡಿಗ್ರಿ ಎತ್ತರದಲ್ಲಿ 0.9 ಡಿಗ್ರಿಯ ವಾಲು ಐದು ಡಿಗ್ರಿ ಪಕ್ಕಕ್ಕೆ ತಿರುಗಿಸಬೇಕಾಗುವಷ್ಟು ಆಗುತ್ತದೆ. ನನ್ನ ವೈಪರ್ ಮೋಟರ್ ಪಾಪ ಅಷ್ಟೆಲ್ಲ ಓಡಲಾರದು. ಸ್ಪ್ಯಾನರ್‌ನಿಂದ ಹೋಗುವ ತಪ್ಪನ್ನು ಸ್ಪ್ಯಾನರ್‌ನಿಂದಲೇ ತೆಗೆಯೋಣ ಎಂದು ತಳದ ಪ್ಲೇಟಿನ ನಾಲ್ಕು ಬೋಲ್ಟ್ ಸಡಿಲಿಸಿ, ಪಶ್ಚಿಮದ ಬದಿಗೆ ತಗಡಿನ ತುಂಡು ಒಂದೊಂದಾಗಿ ತೂರಿಸಿ, ಪೈಪಿನ ಎರಡು ಬದಿಗೆ ತೂಗುಗುಂಡು ಇಳಿಬಿಟ್ಟು ನೋಡುತ್ತಾ ಬಿಗಿದೆ. ಎರಡು ಮೀಟರ್ ಉದ್ದಕ್ಕೆ ಎರಡು ಮಿ.ಮೀ. ಒಳಗೆ ಬಂದರೆ ಸಾಕು, ಅದು 0.06 ಡಿಗ್ರಿ. ಅಂದಹಾಗೆ, ಎತ್ತರವನ್ನು ಎನ್‌ಕೋಡರ್ ಬದಲು ಡಿಶ್ ಬೆನ್ನಿಗೆ ಕಟ್ಟಿದ ಆಕ್ಸೆಲೆರೋಮೀಟರ್‌ನಿಂದ ಅಳೆಯುವವರಿಗೆ ಈ ಬೆಳಗ್ಗೆ-ಸಂಜೆ ತಪ್ಪು ಎತ್ತರದಲ್ಲಿ ಕಾಣುವುದೇ ಇಲ್ಲ, ಅದು ಭೂಮಿಯ ಸೆಳೆತವನ್ನೇ ನೋಡುತ್ತದಲ್ಲ. ದಿಕ್ಕಿನಲ್ಲಿ ಮಾತ್ರ ಬಂದು ಕಾಡುತ್ತದೆ.

ಈಗ ನೆರಳಿನ ವಿಷಯ. ಬೇಸಿಗೆ ಬಂದಿತ್ತು, ಅಮ್ಮ ಟೆರೇಸಿನಲ್ಲಿ ಸಂಡಿಗೆ ಇಟ್ಟಿದ್ದರು. “ಏನೋ ಇದು, ನಿನ್ನ ಜಾಲರಿ ನೆರಳೆಲ್ಲ ನನ್ನ ಸಂಡಿಗೆ ಮೇಲೇ ಬೀಳ್ತಾ ಇದೆ” ಅಂದರು. ಸ್ವಲ್ಪ ತಿರುಗಿಸಲು ಹೋದಾಗ ಡಿಶ್ ಒಳಗೆ ಫೀಡಿನ ನೆರಳು ಕಂಡಿತು. ಡಿಶ್ ಸೂರ್ಯನನ್ನೇ ನೋಡುತ್ತಿದ್ದರೆ ಫೀಡಿನ ದುಂಡು ನೆರಳು ಸರಿಯಾಗಿ ಡಿಶ್‌ನ ನಡುವಿಗೆ ಬೀಳಬೇಕು. ಹಳಬರು ಹೇಳುವ ಸುಲಭದ ಉಪಾಯ ಇದು. ಆದರೆ ನನ್ನದರಲ್ಲಿ ನೆರಳು ನಡುವಿಗೆ ಬಂದಾಗ ಸಿಗ್ನಲ್ ತೀರಾ ಇಳಿದಿತ್ತು. ಸಿಗ್ನಲ್ ಜಾಸ್ತಿ ಆಗುವ ಕಡೆ ತಿರುಗಿಸಿದರೆ ನೆರಳು ನಡುವಿನಿಂದ ಆಚೆ. ಎರಡರ ನಡುವೆ 2.3 ಡಿಗ್ರಿ.

ಡಿಶ್‌ನ ಅಂಚಿನ ನಾಲ್ಕು ಕಡೆಯಿಂದ ಫೀಡಿಗೆ ಟೇಪು ಹಿಡಿದು ಅಳೆದೆ. ಫೀಡು ನಡುವಿನಿಂದ ಎರಡು ಸೆಂ.ಮೀ. ಎಡಕ್ಕೆ ಇತ್ತು. ಗುಜರಿಯಲ್ಲಿ ಎಸೆದಾಗ ಒಂದು ಕಾಲು ಬಗ್ಗಿರಬೇಕು. ನನ್ನ ಡಿಶ್‌ನ ನಾಭಿ ದೂರ 90 ಸೆಂ.ಮೀ., ಅಲ್ಲಿ ಎರಡು ಸೆಂ.ಮೀ. ಅಂದರೆ ಸುಮಾರು 1.3 ಡಿಗ್ರಿ. ಹಾಗಿದ್ದರೆ 2.3 ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಚಿತ್ರ ಬರೆದಾಗ ಹೊಳೆಯಿತು. ಫೀಡು ಎಡಕ್ಕೆ ಸರಿದರೆ ಬೀಮ್ ಬಲಕ್ಕೆ ಹೋಗುತ್ತದೆ, ಕನ್ನಡಿಯಲ್ಲಿ ಆದ ಹಾಗೆ, ಸರಿದ ಕೋನದ ಸುಮಾರು ಎಂಬತ್ತು ಪರ್ಸೆಂಟ್‌ನಷ್ಟು, ಅಂದರೆ ಒಂದು ಡಿಗ್ರಿ. ನೆರಳು ನಡುವಿಗೆ ಬರಬೇಕಾದರೆ ಸೂರ್ಯ ಎಡಕ್ಕೆ 1.3 ಡಿಗ್ರಿ ಇರಬೇಕು. ಒಂದು ಆ ಕಡೆ, ಒಂದು ಈ ಕಡೆ, ಎರಡೂ ಕೂಡಿ 2.3. ಅಂದರೆ ಫೀಡು ಸೊಟ್ಟಗಿದ್ದರೆ ನೆರಳಿನ ಉಪಾಯ ತಪ್ಪನ್ನು ತೋರಿಸುವ ಬದಲು ಇಮ್ಮಡಿ ಮಾಡಿ ಕೊಡುತ್ತದೆ. ಮೊದಲು ಟೇಪು, ಆಮೇಲೆ ನೆರಳು. ಕಾಲನ್ನು ಬಗ್ಗಿಸಿ ನೆಟ್ಟಗೆ ಮಾಡಿದ ಮೇಲೆ ಉಳಿದದ್ದು 0.3 ಡಿಗ್ರಿ.

ಸಣ್ಣ ಪುಟ್ಟ ಕಾಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಕ್ಕದ ಮನೆಯ ತೆಂಗಿನ ಮರ ಬೆಳಗಿನ ಅಳತೆ ಕೆಡಿಸುತ್ತಿತ್ತು. ಮರವೂ ನೆಲವೂ ಬೆಚ್ಚಗಿವೆ, ಸುಮಾರು 300 ಕೆಲ್ವಿನ್, ತಣ್ಣನೆ ಆಕಾಶದ ಮುಂದೆ ಅವು ಉರಿಯುವ ಒಲೆ ಇದ್ದ ಹಾಗೆ. ಸಂಜೆ ಕಡೆ ಮೊಬೈಲ್ ಟವರ್. ನಮ್ಮಲ್ಲಿ 5ಜಿ ಓಡುವ 3.3ರಿಂದ 3.67 ಗಿಗಾಹರ್ಟ್ಸ್ ಪಟ್ಟಿ ಸಿ-ಬ್ಯಾಂಡಿಗೆ ಅಂಟಿಕೊಂಡೇ ಇದೆ, ಹಳೇ ಎಲ್‌ಎನ್‌ಬಿಗಳು ಅದನ್ನೂ ನುಂಗುತ್ತವೆ. ಎರಡರಲ್ಲೂ ಹಿನ್ನೆಲೆ ಒಂದು ಕಡೆಗೆ ಓರೆಯಾಗಿ, ನಡು ಅತ್ತ ಜಾರುತ್ತದೆ. ಟವರ್‌ಗೆ 3.7ರಿಂದ 4.2 ಗಿಗಾಹರ್ಟ್ಸ್ ಮಾತ್ರ ಬಿಡುವ ಫಿಲ್ಟರ್ ಹಾಕಿದೆ. ಮರಕ್ಕೆ, ಸೂರ್ಯನ ಎರಡೂ ಬದಿ ಎಂಟು ಡಿಗ್ರಿಯವರೆಗೆ ದಾಟಿಸಿ, ಓರೆ ಗೆರೆಯನ್ನು ಕಳೆದೆ. ವಾತಾವರಣದಲ್ಲಿ ಬೆಳಕು ಬಾಗುವುದರ ಬಗ್ಗೆ ತುಂಬಾ ಓದಿದೆ, ಆದರೆ ಹತ್ತು ಡಿಗ್ರಿ ಎತ್ತರದಲ್ಲೂ ಅದು ಸುಮಾರು 0.1 ಡಿಗ್ರಿ ಅಷ್ಟೇ, ನನ್ನಂಥವನಿಗೆ ಲೆಕ್ಕಕ್ಕಿಲ್ಲ.

ಆಕ್ಚುಯೇಟರ್‌ನ ಸಡಿಲು ಮಾತ್ರ ನಿಜವಾದ ತಲೆನೋವು. ಅಂಚು ಹಿಡಿದು ಅಲ್ಲಾಡಿಸಿದರೆ ಅರ್ಧ ಡಿಗ್ರಿ ಆಡುತ್ತದೆ. ಇದನ್ನು ಅಳೆಯಲು ಸೂರ್ಯ ಬೇಡ, ಕದಲದ ಉಪಗ್ರಹ ಬೇಕು. 83 ಡಿಗ್ರಿ ಪೂರ್ವದಲ್ಲಿರುವ ನಮ್ಮ ಜಿಸ್ಯಾಟ್-30 ಮೈಸೂರಿಗೆ 152 ಡಿಗ್ರಿ ದಿಕ್ಕಿನಲ್ಲಿ, 74 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಅದಕ್ಕೆ ಮೇಲಿನಿಂದ ಹತ್ತು ಸಲ, ಕೆಳಗಿನಿಂದ ಹತ್ತು ಸಲ ಬಂದು ನೋಡಿದೆ. ಎರಡು ಗುಂಪಿನ ನಡುವೆ 0.4 ಡಿಗ್ರಿ, ಗುಂಪಿನ ಒಳಗೆ 0.1. ಹಾಗಾದರೆ ಯಾವಾಗಲೂ ಕೆಳಗಿನಿಂದಲೇ ಬಾ ಅಂತ ಪ್ರೋಗ್ರಾಮಿಗೆ ಹೇಳಿದರೆ ಆಯಿತು. ಉಪಗ್ರಹಗಳಲ್ಲಿ ಒಂದು ಎಚ್ಚರ: 66 ಮತ್ತು 68.5 ಡಿಗ್ರಿಯಂತೆ ಅಕ್ಕಪಕ್ಕ ಇರುವವು ಎರಡೂಕಾಲು ಡಿಗ್ರಿ ಬೀಮಿನಲ್ಲಿ ಒಂದರೊಳಗೊಂದು ಕಲಸಿಕೊಳ್ಳುತ್ತವೆ. ಅವುಗಳ ನಡು ನಂಬಬೇಡಿ.

ಉಪಗ್ರಹಗಳೆಲ್ಲ ದಕ್ಷಿಣಕ್ಕೆ. ಉತ್ತರಕ್ಕೆ ಏನೂ ಇಲ್ಲ. ಕ್ಯಾಸಿಯೋಪಿಯಾ ಎ ಎಂಬ ಸಿಡಿದ ನಕ್ಷತ್ರದ ಅವಶೇಷ ಇದೆ, ಆದರೆ ರೇಡಿಯೋದಲ್ಲಿ ಸೂರ್ಯನಿಗಿಂತ ಎಷ್ಟೋ ಪಟ್ಟು ಕ್ಷೀಣ, ಎಂಟು ಅಡಿ ಡಿಶ್‌ಗೆ ಅದರ ಮೇಲೆ ಗುರಿ ಅಳೆಯುವ ಯೋಗ್ಯತೆ ಇಲ್ಲ. ಅದಕ್ಕೆ ಜೂನ್‌ವರೆಗೆ ಕಾದೆ. ಆಗ ನಮ್ಮಲ್ಲಿ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ, ಹುಟ್ಟುವುದೂ 66 ಡಿಗ್ರಿ ದಿಕ್ಕಿನಲ್ಲಿ. ಮೋಡ ಮುಚ್ಚಿತ್ತು, ಜಡಿಮಳೆ. 4 ಗಿಗಾಹರ್ಟ್ಸ್‌ಗೆ ಮೋಡ ಇದ್ದರೇನು ಬಿಟ್ಟರೇನು. ಮೂರು ದಿನ ಸೂರ್ಯ ಕಣ್ಣಿಗೇ ಬೀಳಲಿಲ್ಲ, ನನ್ನ ಹತ್ತಿರ ಅವನ ಹದಿನಾಲ್ಕು ಅಳತೆ ಇತ್ತು.

ರಿಪೇರಿ ಆದ ಮೇಲೆ ತೆಗೆದ ಅಳತೆ ಎಲ್ಲ ಸೇರಿ 46. ಅವನ್ನು ಪೈಥಾನ್‌ನಲ್ಲಿ ಕನಿಷ್ಠ ವರ್ಗ ವಿಧಾನಕ್ಕೆ, ಅಂದರೆ ಎಲ್ಲ ಅಳತೆಗೂ ಒಟ್ಟಿಗೆ ಚೆನ್ನಾಗಿ ಹೊಂದುವ ಸಂಖ್ಯೆ ಹುಡುಕುವ ಲೆಕ್ಕಕ್ಕೆ, ಕೊಟ್ಟೆ. ದೊಡ್ಡ ದೂರದರ್ಶಕಗಳವರು ಬಳಸುವ ಟಿಪಾಯಿಂಟ್ ಎಂಬ ಪ್ರೋಗ್ರಾಮಿನ ಸಾಲುಗಳನ್ನೇ ಸಣ್ಣದಾಗಿ ಬರೆದುಕೊಂಡಿದ್ದೆ: ಎರಡು ಎನ್‌ಕೋಡರ್‌ಗಳ ಸೊನ್ನೆ, ಕಂಬದ ವಾಲು ಉತ್ತರ-ದಕ್ಷಿಣಕ್ಕೆ ಒಂದು ಪೂರ್ವ-ಪಶ್ಚಿಮಕ್ಕೆ ಒಂದು, ಬೀಮ್‌ನ ಓರೆ (ಅದು ಡಿಶ್‌ನ ನೇರಕ್ಕೆ ಹೋಗದಿರುವುದು), ಎರಡು ಅಚ್ಚುಗಳ ನಡುವಿನ ಮೂಲೆ ತಪ್ಪು (ಅವು ಸರಿಯಾಗಿ 90 ಡಿಗ್ರಿಗೆ ಇಲ್ಲದಿರುವುದು), ಮತ್ತೆ ಡಿಶ್ ಬಗ್ಗಿದಂತೆ ಜೋತು ಬೀಳುವುದು. ಜೋತು ಬೀಳುವುದು ಎತ್ತರದ ಕೊಸೈನ್ ಪ್ರಕಾರ ಹೋಗುತ್ತದೆ, ನನ್ನದಕ್ಕೆ 0.3 ಡಿಗ್ರಿ ಬಂತು, ಅದು ನನ್ನ ಆರನೇ ತಪ್ಪು, ಹಾಗೇ ಬಿಟ್ಟೆ. ಬೀಮ್‌ನ ಓರೆಯೂ ಮೂಲೆ ತಪ್ಪೂ ಸೂರ್ಯ ಮೇಲಿದ್ದಾಗ ಒಂದೇ ಥರ ಕಾಣುತ್ತವೆ. ಅವನ್ನು ಬೇರೆ ಮಾಡಿದ್ದು 20 ಡಿಗ್ರಿಗಿಂತ ಕೆಳಗೆ ತೆಗೆದ ಎಂಟೇ ಎಂಟು ಅಳತೆ. ಅವಿಲ್ಲದೆ ಪ್ರೋಗ್ರಾಮು ಒಂದಕ್ಕೆ ಏಳು ಡಿಗ್ರಿ, ಇನ್ನೊಂದಕ್ಕೆ ಮೈನಸ್ ಏಳು ಡಿಗ್ರಿ ಅಂತ ಖುಷಿಯಾಗಿ ಉತ್ತರ ಕೊಟ್ಟಿತ್ತು! ಉಳಿದ ತಪ್ಪು ಸರಾಸರಿ 0.17 ಡಿಗ್ರಿ. ಮಹಾರಾಷ್ಟ್ರದ ನಾರಾಯಣಗಾಂವ್ ಬಳಿಯ ದೈತ್ಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯ ಮೂವತ್ತು ಡಿಶ್‌ಗಳೂ ಜಾಲರಿಯವೇ. ಒಂದೊಂದು 45 ಮೀಟರ್, 1400 ಮೆಗಾಹರ್ಟ್ಸ್‌ನಲ್ಲಿ ಅವುಗಳ ಬೀಮೇ 0.4 ಡಿಗ್ರಿ. ಅಲ್ಲಿ 0.17 ಅಂದರೆ ಬೈಸಿಕೊಳ್ಳುವ ಸಂಖ್ಯೆ. ನನಗೆ ಹಬ್ಬ.

ಆಮೇಲೆ ಎಲ್‌ಎನ್‌ಬಿ ತೆಗೆದು 21 ಸೆಂ.ಮೀ.ಗೆ ಅಂತ ಮಾಡಿದ ಹದಿನಾರು ಸೆಂ.ಮೀ. ಅಗಲದ ಡಬ್ಬದ ಫೀಡು ಹಾಕಿದೆ, ಸೂರ್ಯನ ಮೇಲೆ ಇಟ್ಟೆ, 0.8 ಡಿಗ್ರಿ ತಪ್ಪು. ಒಂದು ಕ್ಷಣ ಎದೆ ಧಸಕ್ ಅಂತು. ಐದು ತಿಂಗಳು ನೀರಲ್ಲಿ ಹೋಮ ಆಯಿತಾ? ಆಮೇಲೆ ಯೋಚಿಸಿದೆ. ಫೀಡು ಬದಲಾದರೆ ಕಂಬ ವಾಲುವುದಿಲ್ಲ. ಆಯಸ್ಕಾಂತ ಜಾರುವುದಿಲ್ಲ. ಬದಲಾಗುವುದು ಬೀಮ್‌ನ ಓರೆ ಮಾತ್ರ, ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು. ಉಳಿದ ಸಂಖ್ಯೆಗಳಿಗೆಲ್ಲ ಬೀಗ ಹಾಕಿ ಆ ಎರಡನ್ನು ಮಾತ್ರ ಒಂದೇ ಬೆಳಗ್ಗೆ ಆರು ಅಳತೆಯಲ್ಲಿ ತೆಗೆದೆ. ಸಂಜೆ ನಾಲ್ಕೂವರೆಗೆ ಹತ್ತಿ ನೋಡಿದರೆ ಸೂರ್ಯ ಅಲ್ಲೇ, 0.3 ಡಿಗ್ರಿ ಒಳಗೆ. ಫೆಬ್ರವರಿಯಲ್ಲಿ ಮಾಡಿದ ಹಾಗೆ ಎಲ್ಲವನ್ನೂ ಒಂದೇ ಆಫ್‌ಸೆಟ್‌ನಲ್ಲಿ ಗುಡ್ಡೆ ಹಾಕಿದ್ದರೆ ಮತ್ತೆ ಜೂನ್‌ಗೆ ಕಾಯಬೇಕಿತ್ತು.

ಜುಲೈನಲ್ಲಿ ಕೊನೇ ಪರೀಕ್ಷೆ. ರಾಜಹಂಸ ನಕ್ಷತ್ರಪುಂಜದಲ್ಲಿ ಆಕಾಶಗಂಗೆಯ ಹೈಡ್ರೋಜನ್ ದಟ್ಟವಾಗಿರುವ ಒಂದು ಜಾಗವನ್ನು ರಾತ್ರಿ ಒಂಬತ್ತಕ್ಕೆ ಈಶಾನ್ಯದಲ್ಲಿ ಏರುವಾಗ ಅರ್ಧ ಗಂಟೆ ಕೇಳಿದೆ, ಅದೇ ಜಾಗವನ್ನು ಬೆಳಗಿನ ಜಾವ ನಾಲ್ಕಕ್ಕೆ ವಾಯವ್ಯದಲ್ಲಿ ಇಳಿಯುವಾಗ ಇನ್ನರ್ಧ ಗಂಟೆ. ಫೆಬ್ರವರಿಯ ರೇಖೆಗಳನ್ನು ಹೀಗೆ ಒಂದರ ಮೇಲೊಂದು ಇಟ್ಟರೆ ಎರಡು ಬೇರೆ ಊರಿನವರ ಹಾಗೆ ಕಾಣುತ್ತಿದ್ದವು. ಈ ಸಲ ಎರಡರ ನೆತ್ತಿಯ ನಡುವೆ ಮೂರು ಪರ್ಸೆಂಟ್ ವ್ಯತ್ಯಾಸ. ಆ ಮೂರೂ ಬಹುಶಃ ಗಾಳಿಯದ್ದು. ಆಷಾಢ, ನಾಲ್ಕು ಗಂಟೆಗೆ ಡಿಶ್ ಹಿಡಿದುಕೊಂಡೇ ನಿಂತಿದ್ದೆ.